ಗಾಥಿಕ್ ಕಿಟಕಿ ನಮ್ಮ ಶಾಬಾದಿ ಕಲ್ಲಿನಲ್ಲಿ: ಮುಂಗಡ ಕೊಡುವ ಮೊದಲು ಓದಿ

ಕಲಬುರಗಿಯಿಂದ ಶಹಾಬಾದ್ ಕಡೆ ಹೊರಟರೆ ಫರ್ಸಿ ಕಲ್ಲಿನ ಅಡ್ಡೆಗಳು ಸಿಗುತ್ತವೆ. ಅವುಗಳಲ್ಲೊಂದು ನೆಲಹಾಸಿನ ವ್ಯಾಪಾರದ ಜೊತೆಗೆ ಈಗ ತೋಟದ ಮನೆಗಳಿಗೆ ಚೂಪು ಕಮಾನಿನ ಕಿಟಕಿ ಮಾಡಿಕೊಡುತ್ತಿದೆ. ಬೋರ್ಡಿನ ಮೇಲೆ ‘ಗಾಥಿಕ್’ ಎಂದಿದೆ, ಅಂದರೆ ಯುರೋಪಿನ ಮಧ್ಯಯುಗದ ಚರ್ಚುಗಳ ಕಟ್ಟಡ ಶೈಲಿ. ಗೌಂಡಿಗಳ ಬಾಯಲ್ಲಿ ಅದು ‘ಚರ್ಚ್ ಕಿಟಕಿ’. ಬರುವ ಗಿರಾಕಿಗಳು ಮೊಬೈಲಿನಲ್ಲಿ ಇಂಗ್ಲೆಂಡಿನ ಯಾವುದೋ ಹಳೇ ಬಂಗಲೆಯ ಫೋಟೋ ಹಿಡಿದು, “ಹಿಂಗ ಬೇಕ್ ನೋಡ್ರಿ” ಅನ್ನುತ್ತಾರೆ. ಹೆಚ್ಚಿನ ಸಲ ಆ ಬಂಗಲೆ ಟಿಂಟ್ಸ್‌ಫೀಲ್ಡ್. ಅಡ್ಡೆಯವರ ಮಾಲು ಮೂರು ಬಗೆ: ಕಲ್ಲಿನ ಕಿಟಕಿ, ಗಾಜಿನ ನಾರು ಬೆರೆಸಿದ ಸಿಮೆಂಟಿನ ಅಚ್ಚಿನ ಕಿಟಕಿ (ಜಿಆರ್‌ಸಿ), ಮತ್ತು ಮನೆಯ ಮೂಲೆಗೊಂದು ಗೋಪುರ ಎಬ್ಬಿಸಿಕೊಡುವ ಪ್ಯಾಕೇಜ್. ಕಲ್ಲು ಕೊರೆಯುವುದರಲ್ಲಿ ಇವರ ಕೈ ಪಳಗಿದೆ. ಅದನ್ನು ಗೋಡೆಯಲ್ಲಿ ಕೂರಿಸುವುದರಲ್ಲಿ ಇಲ್ಲ. ಗೋಪುರದ ಮಾತು ಬಂದರೆ ಚಹಾ ಕುಡಿದು ಎದ್ದು ಬರುವುದು ಒಳ್ಳೆಯದು.

ಮೊದಲು ಆ ಫೋಟೋದ ಸಮಾಚಾರ. ಟಿಂಟ್ಸ್‌ಫೀಲ್ಡ್ ಇರುವುದು ಬ್ರಿಸ್ಟಲ್ ನಗರದ ಹತ್ತಿರ, ಸಾಮರ್ಸೆಟ್ ಸೀಮೆಯಲ್ಲಿ. ಅದನ್ನು ಕಟ್ಟಿದ ದುಡ್ಡು ಗೊಬ್ಬರದ ದುಡ್ಡು. ವಿಲಿಯಂ ಗಿಬ್ಸ್ ಮನೆತನದ ಕಂಪನಿ ಪೆರು ದೇಶದ ದ್ವೀಪಗಳಲ್ಲಿ ಗುಡ್ಡೆ ಬಿದ್ದಿದ್ದ ಕಡಲಹಕ್ಕಿಗಳ ಹಿಕ್ಕೆಯನ್ನು ಹಡಗಿಗೆ ತುಂಬಿ ಯುರೋಪಿನ ಹೊಲಗಳಿಗೆ ಮಾರಿತು. ಅದನ್ನು ಅಗೆದವರಲ್ಲಿ ಚೀನಾದಿಂದ ಕರಾರಿನ ಮೇಲೆ ತಂದ ಕೂಲಿಗಳೇ ಬಹಳ, ಅವರ ಪಾಡು ಗುಲಾಮರ ಪಾಡಿಗಿಂತ ಮೇಲೇನಿರಲಿಲ್ಲ. ತೊಗರಿ ಬಿತ್ತುವಾಗ ಡಿಎಪಿಗೆ ಸರದಿ ನಿಲ್ಲುವ ಊರಿನವರಿಗೆ ಗೊಬ್ಬರದಿಂದ ಅರಮನೆ ಎದ್ದದ್ದು ಅರ್ಥವಾಗದ ಮಾತಲ್ಲ. ಗಿಬ್ಸ್ 1843ರಲ್ಲಿ ಆ ಜಾಗ ಕೊಂಡ. 1860ರ ದಶಕದ ನಡುವಿನಲ್ಲಿ ಜಾನ್ ನಾರ್ಟನ್ ಎಂಬ ವಾಸ್ತುಶಿಲ್ಪಿ, ಇದ್ದ ಮನೆಯನ್ನು ಕೆಡವದೆ ಒಳಗಿಟ್ಟುಕೊಂಡು, ಅದರ ಸುತ್ತ ಹೊಸ ಭಾಗಗಳು, ಗೋಪುರಗಳು, ಕಡಿದಾದ ಚಾವಣಿ ಸೇರಿಸಿ ಇಡೀ ರೂಪ ಬದಲಿಸಿದ. ಮುಂದಿನ ದಶಕದಲ್ಲಿ ಆರ್ಥರ್ ಬ್ಲಾಮ್‌ಫೀಲ್ಡ್ ಮನೆಗೇ ಅಂಟಿಕೊಂಡಂತೆ ಒಂದು ಪ್ರಾರ್ಥನಾ ಮಂದಿರ ಕಟ್ಟಿದ. 2002ರಲ್ಲಿ ಹಳೇ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆ ಅದನ್ನು ಕೊಂಡು ಜನರಿಗೆ ತೆರೆಯಿತು.

ಕಿಟಕಿ ಕೊಳ್ಳುವವರಿಗೆ ಈ ಚರಿತ್ರೆಯಲ್ಲಿ ಬೇಕಾದ ಸಂಗತಿ ಒಂದೇ: ಆ ಮನೆಯ ಕಲ್ಲು ಬಾತ್ ಕಲ್ಲು. ಅದೂ ಸುಣ್ಣಕಲ್ಲು, ಶಾಬಾದಿಯೂ ಸುಣ್ಣಕಲ್ಲು. ಆದರೆ ಎರಡರ ಗುಣ ಉತ್ತರ ದಕ್ಷಿಣ. ಬಾತ್ ಕಲ್ಲು ಸಣ್ಣ ಸಣ್ಣ ದುಂಡು ಕಾಳುಗಳು ಅಂಟಿಕೊಂಡು ಆದದ್ದು. ಗಣಿಯಿಂದ ತೆಗೆದ ಹೊಸತರಲ್ಲಿ ಕೈಗರಗಸಕ್ಕೂ ಬಗ್ಗುತ್ತದೆ, ಯಾವ ದಿಕ್ಕಿಗೆ ಉಳಿ ಇಟ್ಟರೂ ಹೆಚ್ಚುಕಡಿಮೆ ಒಂದೇ ತರಹ ಕೆತ್ತಿಸಿಕೊಳ್ಳುತ್ತದೆ. ಶಾಬಾದಿ ನುಣುಪು, ಗಟ್ಟಿ, ಮತ್ತು ಪದರ ಪದರ. ಉಳಿ ಕೊಟ್ಟು ತಟ್ಟಿದರೆ ಪುಸ್ತಕದ ಹಾಳೆಯ ಹಾಗೆ ಬಿಚ್ಚಿಕೊಳ್ಳುವುದರಿಂದಲೇ ಅದು ಫರ್ಸಿಯಾಗಿ ಮನೆ ಮನೆಯ ನೆಲ ಸೇರಿತು. ನೆಲಕ್ಕೆ ವರವಾದ ಆ ಪದರ ಕಿಟಕಿಗೆ ಶಾಪವಾಗಬಹುದು. ಈ ಅಡ್ಡೆಯ ಮಾಲಿನಲ್ಲಿ ಒಳ್ಳೆಯದು ಕೆಟ್ಟದ್ದು ಬೇರೆಯಾಗುವುದೂ ಇಲ್ಲೇ.

ಕಲ್ಲಿನ ಕಿಟಕಿಯಲ್ಲಿ ಇವರು ಎರಡು ದರ್ಜೆ ಮಾಡಿದ್ದಾರೆ. ಅಗ್ಗದ್ದು, ಸುಮಾರು 40 ಮಿ.ಮೀ. ದಪ್ಪದ ಒಂದೇ ಚಪ್ಪಡಿಯಿಂದ ಯಂತ್ರದಲ್ಲಿ ಇಡೀ ಕಮಾನನ್ನು ಕತ್ತರಿಸಿ ತೆಗೆದದ್ದು. ನೋಡಲು ಬಲು ಚೆಂದ, ಸೇರುಗೆರೆ ಒಂದೂ ಇಲ್ಲ. ತೊಂದರೆ ಏನೆಂದರೆ ಚಪ್ಪಡಿಯನ್ನು ಎತ್ತಿ ನಿಲ್ಲಿಸಿದಾಗ ಪದರಗಳೂ ನಿಂತುಬಿಡುತ್ತವೆ. ಮಳೆನೀರು ಮೇಲಂಚಿನಿಂದ ಪದರಗಳ ನಡುವೆ ಇಳಿಯುತ್ತದೆ, ಬಿಸಿಲಿಗೆ ಒಣಗುತ್ತದೆ, ಮತ್ತೆ ಇಳಿಯುತ್ತದೆ. ಕೆಲವು ವರ್ಷಗಳಲ್ಲಿ ಮುಖದ ಮೇಲಿನ ತೆಳು ಹಾಳೆ ಬಿಲ್ಲೆಬಿಲ್ಲೆಯಾಗಿ ಏಳುತ್ತದೆ. ದುಬಾರಿ ದರ್ಜೆಯಲ್ಲಿ ದಪ್ಪ ಪದರದ ಕಲ್ಲು ಆರಿಸಿ, ಕಮಾನನ್ನು ತುಂಡು ತುಂಡಾಗಿ ಕೊರೆದು ಜೋಡಿಸುತ್ತಾರೆ. ಪಕ್ಕದ ಕಂಬಗಳಲ್ಲಿ ಪದರ ಅಡ್ಡ ಮಲಗಿರಬೇಕು. ಕಮಾನಿನ ತುಂಡುಗಳಲ್ಲಿ ಪದರ ಎರಡು ತುಂಡುಗಳ ಸೇರುಗೆರೆಗೆ ಸಮನಾಗಿ, ಬೀಸಣಿಗೆಯ ಕಡ್ಡಿಗಳ ಹಾಗೆ ತಿರುಗುತ್ತ ಹೋಗಬೇಕು. ಹೀಗಿದ್ದರೆ ಮೇಲಿನ ಭಾರ ಪದರವನ್ನು ಒತ್ತುತ್ತದೆ, ಬಿಚ್ಚುವುದಿಲ್ಲ. ಅಡ್ಡೆಯ ಹಿರಿಯ ಮೇಸ್ತ್ರಿಗೆ ಇದು ಹೇಳದೆಯೂ ಗೊತ್ತು. ಯಂತ್ರದ ಹುಡುಗರಿಗೆ ಗೊತ್ತಿಲ್ಲ. ತುಂಡುಗಳನ್ನು ಒಪ್ಪಿಕೊಳ್ಳುವ ಮೊದಲು ಒದ್ದೆ ಬಟ್ಟೆಯಿಂದ ಒರೆಸಿ ನೋಡಿ, ಪದರದ ಗೆರೆ ತಾನಾಗಿ ಎದ್ದು ಕಾಣುತ್ತದೆ. ಆಮೇಲೆ ಸಣ್ಣ ಸುತ್ತಿಗೆಯಿಂದ ತಟ್ಟಿ. ಟಣ್ ಅಂದರೆ ಇಡಿ ಕಲ್ಲು. ಬದ್ ಅಂದರೆ ಒಳಗೆ ಬಿರುಕಿದೆ, ವಾಪಸ್ ಕೊಡಿ. ಮಡಿಕೆ ಕೊಳ್ಳುವಾಗ ಮಾಡುವುದನ್ನೇ ಇಲ್ಲಿಯೂ ಮಾಡುವುದು.

‘ಚರ್ಚ್ ಕಿಟಕಿ’ ಅನ್ನುವ ಹೆಸರಿನ ಬಗ್ಗೆ ಒಂದು ತಕರಾರು. ಚೂಪು ಕಮಾನು ಈ ಊರಿಗೆ ಫೋಟೋದಿಂದ ಬಂದದ್ದಲ್ಲ. ಕಲಬುರಗಿ ಕೋಟೆಯ ಜಾಮಿ ಮಸೀದಿ 1367ರದು. ಟಿಂಟ್ಸ್‌ಫೀಲ್ಡ್‌ಗೆ ಸುಮಾರು 500 ವರ್ಷ ಮೊದಲಿನದು. ಅಂಗಳವೇ ಇಲ್ಲದೆ ಪೂರ್ತಿ ಚಾವಣಿ ಹೊದ್ದ ಆ ಮಸೀದಿಯ ಬದಿಯ ಸಾಲುಗಳಲ್ಲಿ ಗಿಡ್ಡ ಕಾಲಿನ ಮೇಲೆ ಅಗಲಕ್ಕೆ ಚಾಚಿಕೊಂಡ ಕಮಾನುಗಳಿವೆ. ಇಂಗ್ಲೆಂಡಿನ ಗಾಥಿಕ್ ಕಮಾನು ಮೇಲಕ್ಕೆ ಎಳೆಯುತ್ತದೆ, ನಮ್ಮದು ಅಗಲಕ್ಕೆ ಹರಡುತ್ತದೆ. ಎರಡೂ ಚೂಪೇ, ಎರಡೂ ಭಾರ ಹೊರುವಂಥವೇ. ಬೀದರಿನಲ್ಲಿ ಬಹಮನಿ ಮಂತ್ರಿ ಮಹಮೂದ್ ಗವಾನನ ಮದರಸಾದಲ್ಲೂ ಇದೇ ಮನೆತನದ ಕಮಾನುಗಳು. ಅದು 1472ರದು. ಅಡ್ಡೆಯ ಕ್ಯಾಟಲಾಗಿನಲ್ಲಿ ಇಂಗ್ಲಿಷ್ ನಮೂನೆ ಹಲವಿವೆ, ಬಹಮನಿ ನಮೂನೆ ಒಂದೂ ಇಲ್ಲ. ಕೇಳಿದರೆ ಮಾಡಿಕೊಡುತ್ತಾರೆ, ಆದರೆ ಕೇಳಬೇಕು. ಹತ್ತಡಿ ಎತ್ತರದ ಸಾಧಾರಣ ಗೋಡೆಗೆ ಅಗಲ ಕಮಾನೇ ಹೊಂದುವುದು. ಲಂಡನ್ನಿನ ಚೂಪು ತುದಿ ಹತ್ತಡಿಯ ಗೋಡೆಯಲ್ಲಿ ಚಾವಣಿಗೆ ತಲೆ ಗುದ್ದಿಕೊಂಡ ಹಾಗೆ ಕಾಣುತ್ತದೆ.

ಅಳತೆ ಹಾಕುವ ಕೆಲಸವೇ ಈ ಅಡ್ಡೆಯಲ್ಲಿ ನೋಡಲೇಬೇಕಾದದ್ದು. ಮೇಸ್ತ್ರಿ ಕಂಪ್ಯೂಟರ್ ಚಿತ್ರವನ್ನು ನೆಚ್ಚುವುದಿಲ್ಲ. ನೆಲದ ಮೇಲೆ ಎರಡು ಪ್ಲೈವುಡ್ ಹಲಗೆ ಜೋಡಿಸಿ, ಸುಣ್ಣ ಬಳಿದು, ಕಿಟಕಿಯನ್ನು ಅದರ ನಿಜ ಗಾತ್ರದಲ್ಲೇ ಬರೆಯುತ್ತಾನೆ. 3 ಅಡಿ ಅಗಲದ ಕಿಟಕಿಯಾದರೆ 36 ಇಂಚಿನ ಗೆರೆ ಎಳೆದು ಎರಡು ತುದಿಗೂ ಮೊಳೆ ಹೊಡೆಯುತ್ತಾನೆ. ಒಂದು ಮೊಳೆಗೆ ತಂತಿ ಕಟ್ಟಿ ಇನ್ನೊಂದು ಮೊಳೆಯವರೆಗೆ ಉದ್ದ ಹಿಡಿದು ಮೇಲಕ್ಕೆ ಬೀಸುತ್ತಾನೆ, ಮೊಳೆ ಬದಲಿಸಿ ಮತ್ತೊಮ್ಮೆ. ಎರಡು ಗೆರೆ ಕೂಡಿದ ಕಡೆ ತುದಿ. ಎತ್ತರ 31 ಇಂಚು ಚಿಲ್ಲರೆ ಬರುತ್ತದೆ. ಇದು ಸಮಭುಜದ ಕಮಾನು, ಗಾಥಿಕ್ ಮನೆತನದ ತಾಯಿ. ತಂತಿಯನ್ನು 54 ಇಂಚಿಗೆ ಉದ್ದ ಮಾಡಿ, ಮೊಳೆಗಳನ್ನು ಅದೇ ಗೆರೆಯ ಮೇಲೆ 18 ಇಂಚು ಆಚೆಗೆ ಸರಿಸಿದರೆ ಭರ್ಚಿಯ ಮೊನೆಯಂಥ ಕಮಾನು, ಎತ್ತರ 40 ಇಂಚು. ತಂತಿ 27 ಇಂಚಿಗೆ ಇಳಿಸಿ ಮೊಳೆಗಳನ್ನು 9 ಇಂಚು ಒಳಗೆ ತಂದರೆ ಗಿಡ್ಡ ಕಮಾನು, ಎತ್ತರ ಇಪ್ಪತ್ತೈದೂವರೆ. ನೂಲಿನ ದಾರ ಬಳಸುವುದಿಲ್ಲ. ಅದು ಎಳೆದಷ್ಟೂ ಹಿಗ್ಗಿ ಗೆರೆ ಅರ್ಧ ಇಂಚು ಓಡುತ್ತದೆ. ಯುರೋಪಿನ ಹಳೇ ಮೇಸ್ತ್ರಿಗಳೂ ಗಚ್ಚಿನ ನೆಲದ ಮೇಲೆ ಹೀಗೇ ಬರೆಯುತ್ತಿದ್ದರು. ಯಾರ್ಕ್ ನಗರದ ದೊಡ್ಡ ಚರ್ಚಿನಲ್ಲಿ ಅಂಥದೊಂದು ನೆಲ ಇನ್ನೂ ಉಳಿದಿದೆ. ಗಿರಾಕಿ ಬಂದು ಹಲಗೆಯ ಮೇಲಿನ ಗೆರೆ ನೋಡಿ ಒಪ್ಪಿದ ಮೇಲೇ ಕಲ್ಲಿಗೆ ಗರಗಸ ಬೀಳುವುದು. ಈ ಒಂದು ಪದ್ಧತಿಗೆ ಪೂರಾ ಅಂಕ ಕೊಡಬಹುದು.

ಇನ್ನು ಜಿಆರ್‌ಸಿ. ಸಿಮೆಂಟ್, ನಯ ಮರಳು, ಕ್ಷಾರಕ್ಕೆ ಕರಗದ ಗಾಜಿನ ನಾರು ಕಲಸಿ ಅಚ್ಚಿಗೆ ಹೊಡೆದದ್ದು. ಹತ್ತು ಹನ್ನೆರಡು ಮಿ.ಮೀ. ದಪ್ಪದ ಚಿಪ್ಪು, ಒಳಗೆ ಪೊಳ್ಳು. ಇದನ್ನು ನಕಲಿ ಅಂತ ಮೂಗು ಮುರಿಯುವವರಿದ್ದಾರೆ. ಆದರೆ ಆ ಹಳೇ ಶೈಲಿಯನ್ನು ನೂರಾರು ವರ್ಷಗಳ ಮೇಲೆ ಮತ್ತೆ ಎಬ್ಬಿಸಿದ ನಿಯೋ ಗಾಥಿಕ್ ಹುಟ್ಟಿದ್ದೇ ನಕಲಿನಲ್ಲಿ. ಥೇಮ್ಸ್ ನದಿಯ ಪಕ್ಕ ಟ್ವಿಕೆನ್‌ಹ್ಯಾಮ್‌ನಲ್ಲಿ ಇಂಗ್ಲಿಷ್ ಲೇಖಕ ಹೊರೇಸ್ ವಾಲ್ಪೋಲ್ 1747ರಲ್ಲಿ ಒಂದು ಸಣ್ಣ ಮನೆ ಹಿಡಿದು, ಅದನ್ನು ದಶಕಗಳ ಕಾಲ ಹಿಗ್ಗಿಸುತ್ತ ಸ್ಟ್ರಾಬೆರಿ ಹಿಲ್ ಎಂಬ ಗಾಥಿಕ್ ಬಂಗಲೆ ಮಾಡಿದ. ಅದರ ದೊಡ್ಡ ಗ್ಯಾಲರಿಯ ಚಾವಣಿಯಲ್ಲಿ ಕಲ್ಲಿನ ಬೀಸಣಿಗೆಯಂತೆ ಕಾಣುವುದು ಕಾಗದದ ರೊಟ್ಟು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆ ಎಂಬ ಚರ್ಚಿನ ಕಲ್ಲಿನ ಚಾವಣಿಯನ್ನು ನೋಡಿ ಕಾಗದದಲ್ಲಿ ಮಾಡಿದ್ದು. ರಾಜಮನೆತನದವರ ಗೋರಿಯ ನಮೂನೆ ತೆಗೆದು ಬೆಂಕಿಗೂಡಿನ ಚೌಕಟ್ಟು ಮಾಡಿಸಿದ್ದ. ಹೊರಗಿನ ಕೋಟೆತೆನೆಗಳು ಎಷ್ಟು ಪೊಳ್ಳಾಗಿದ್ದವೆಂದರೆ, ವಾಲ್ಪೋಲ್ ತನ್ನ ಮೂರು ಜೊತೆ ಕೋಟೆತೆನೆಗಳಿಗಿಂತ ಹೆಚ್ಚು ಕಾಲ ಬದುಕಿದ ಎಂದು ಅವನ ಗೆಳೆಯರ ಬಳಗದಲ್ಲೇ ತಮಾಷೆಯಿತ್ತು. ಹಾಗಿದ್ದೂ ಮನೆ ನೋಡಲು ಟಿಕೆಟ್ ಬೇಕಿತ್ತು: ದಿನಕ್ಕೆ ಒಂದೇ ತಂಡ, ನಾಲ್ಕು ಜನರಿಗಿಂತ ಹೆಚ್ಚಿಲ್ಲ, ಮಕ್ಕಳನ್ನು ತರುವ ಹಾಗಿಲ್ಲ.

ಕಾಗದದ ಚಾವಣಿ ಇಂದಿಗೂ ಇದೆ, ಕೋಟೆತೆನೆ ಹೋಯಿತು. ಒಂದು ಒಳಗಿತ್ತು, ಇನ್ನೊಂದು ಮಳೆಯಲ್ಲಿತ್ತು. ಜಿಆರ್‌ಸಿ ಕೊಳ್ಳುವವರು ಹಿಡಿಯಬೇಕಾದ ಎಳೆ ಇದೇ. ಒಳಗೋಡೆಯ ಗೂಡು, ಪಡಸಾಲೆಯ ತೋರಿಕೆ ಕಮಾನು, ದೇವರ ಮನೆಯ ಚೌಕಟ್ಟು, ಇವುಗಳಿಗೆ ಜಿಆರ್‌ಸಿ ಧಾರಾಳ ಸಾಕು, ಕಲ್ಲಿನ ಮೂರನೇ ಒಂದು ಪಾಲು ದುಡ್ಡಿಗೆ ಬರುತ್ತದೆ. ಹೊರಗೋಡೆಗೂ ಹಾಕಬಹುದು, ಆದರೆ ಹಿಂದೆ ನೀರು ನಿಲ್ಲದಂತೆ ಕೆಳಗೆ ಎರಡು ತೂತು ಬಿಡಿಸಬೇಕು, ಮೇಲಿನ ಸಂದಿಗೆ ಸೀಲಂಟ್ ತುಂಬಿಸಬೇಕು. ಇವರು ತೂತು ಬಿಡುವುದಿಲ್ಲ, ಹೇಳಿ ಬಿಡಿಸಿಕೊಳ್ಳಬೇಕು. ಕೆಲವು ನಮೂನೆ ಜಿಆರ್‌ಸಿ ಅಂತ ಹೇಳಿ ಪಿಒಪಿ ಇರುತ್ತವೆ. ಪಿಒಪಿ ಅಂದರೆ ಜಿಪ್ಸಮ್, ಮಳೆ ಕಂಡರೆ ಮೆತ್ತಗಾಗುತ್ತದೆ. ಉಗುರಿನಿಂದ ಹಿಂಬದಿ ಕೆರೆದು ನೋಡಿ: ಬಿಳಿ ಪುಡಿ ಉದುರಿದರೆ ಪಿಒಪಿ, ಬೂದು ಬಣ್ಣದಲ್ಲಿ ನಾರಿನ ಎಳೆ ಕಂಡರೆ ಜಿಆರ್‌ಸಿ.

ಗೋಪುರದ ಪ್ಯಾಕೇಜ್ ಯಾಕೆ ಬೇಡ ಅನ್ನುವುದಕ್ಕೆ ಫಾಂಟ್‌ಹಿಲ್ ಅಬ್ಬೆ ಎಂಬ ಇಂಗ್ಲೆಂಡಿನ ಗಾಥಿಕ್ ಬಂಗಲೆಯ ಕಥೆ ಸಾಕು. ಜಮೈಕಾದ ಕಬ್ಬಿನ ತೋಟಗಳಲ್ಲಿ ಗುಲಾಮರ ದುಡಿಮೆಯಿಂದ ಬಂದ ಸಿರಿಯಲ್ಲಿ ವಿಲಿಯಂ ಬೆಕ್‌ಫರ್ಡ್ ವಿಲ್ಟ್‌ಶೈರ್ ಸೀಮೆಯಲ್ಲಿ 1796ರಿಂದ ಅದನ್ನು ಕಟ್ಟಿಸಿದ. ವಾಸ್ತುಶಿಲ್ಪಿ ಜೇಮ್ಸ್ ವಯಾಟ್. ಅವಸರವೋ ಅವಸರ, ಹಗಲೂ ರಾತ್ರಿ ಕೆಲಸ. ಮರ ಮತ್ತು ಗಾರೆಯ ಲೇಪದಲ್ಲಿ ಎಬ್ಬಿಸಿದ ಮೊದಲ ಗೋಪುರ ಬೇಗನೇ ಕುಸಿಯಿತು. ಮತ್ತೆ ಎಬ್ಬಿಸಿದ್ದು 270 ಅಡಿಗೂ ಮೇಲೆ ಹೋಯಿತು. 1822ರಲ್ಲಿ ಅದನ್ನು ಕೊಂಡವನು ಜಾನ್ ಫರ್ಕ್ವಾರ್, ನಮ್ಮ ಬಂಗಾಳದಲ್ಲಿ ಸಿಡಿಮದ್ದಿನ ಕಾರ್ಖಾನೆ ನಡೆಸಿ ಹಣ ಮಾಡಿದವನು. 1825ರ ಡಿಸೆಂಬರಿನಲ್ಲಿ ಗೋಪುರ ಅವನ ಪಾಲಿಗೆ ಮಣ್ಣಾಯಿತು. ಬುನಾದಿಯಲ್ಲಿ ಹಾಕಬೇಕಿದ್ದ ತಲೆಕೆಳಗಿನ ಕಮಾನುಗಳನ್ನು ಹಾಕಿಯೇ ಇರಲಿಲ್ಲ ಎಂದು ಕೆಲಸದ ಉಸ್ತುವಾರಿಯವನು ಸಾಯುವ ಹೊತ್ತಿಗೆ ಬಾಯಿಬಿಟ್ಟ ಎಂಬ ಮಾತೊಂದು ಉಳಿದುಬಂದಿದೆ. ಮದ್ದಿನ ದುಡ್ಡಿಗೂ ಕುಸಿದ ಮಿನಾರಿಗೂ ಬೀದರಿನವರು ನಂಟು ಹುಡುಕಿದರೆ ತಪ್ಪಿಲ್ಲ. ಗವಾನನ ಮದರಸಾದ ಒಂದು ಮಿನಾರು ಹಾಳಾದದ್ದು 1696ರಲ್ಲಿ ಒಳಗಿಟ್ಟಿದ್ದ ಮದ್ದು ಸಿಡಿದು.

ಅಲ್ಲಿ ಕೈಕೊಟ್ಟದ್ದು ಬುನಾದಿ, ಇಲ್ಲಿಯ ನೆಲವೇ ಎರೆ ಭೂಮಿ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಾಯಿ ಬಿಡುತ್ತದೆ. ಮನೆ ಒಂದು ತೂಕ, ಮೂಲೆಯ ಗೋಪುರ ಇನ್ನೊಂದು ತೂಕ. ಎರಡೂ ಒಂದೇ ಪಾಯದ ಮೇಲೆ ಸಮನಾಗಿ ಏರಿಳಿಯುವುದಿಲ್ಲ. ಮೊದಲ ಬಿರುಕು ಬರುವುದು ಗೋಪುರ ಗೋಡೆಗೆ ಸೇರುವ ಕಡೆ, ಎರಡನೆಯದು ಪಕ್ಕದ ಕಿಟಕಿಯ ಕಮಾನಿನ ನೆತ್ತಿಯಲ್ಲಿ. ಎರೆಯಲ್ಲಿ ಗೋಪುರ ಬೇಕೇ ಬೇಕೆಂದರೆ ಮುರುಮು ಸಿಗುವವರೆಗೆ ಅಗೆಯಬೇಕು, ಇಲ್ಲವೇ ಬುಡದಲ್ಲಿ ಗಡ್ಡೆಯಂತೆ ಅಗಲವಾಗುವ ಅಂಡರ್‌ರೀಮ್ಡ್ ಪೈಲು ಇಳಿಸಬೇಕು. ಪ್ಲಿಂತ್ ಬೀಮಿನ ಕೆಳಗೆ ಮೂರು ಇಂಚಾದರೂ ಖಾಲಿ ಬಿಡಬೇಕು, ಉಬ್ಬಿದ ಮಣ್ಣು ಅಲ್ಲಿ ಉಬ್ಬಿಕೊಳ್ಳಲಿ ಅಂತ. ಅಡ್ಡೆಯವರ ಪ್ಯಾಕೇಜಿನಲ್ಲಿ ನಾಲ್ಕಡಿ ಗುಂಡಿ, ಅದರಲ್ಲಿ ಕಾಂಕ್ರೀಟ್, ಅಷ್ಟೇ. ಮಣ್ಣಿನ ಪರೀಕ್ಷೆಯ ಹೆಸರೇ ಇಲ್ಲ. “ನಾಕ್ ಫೂಟ್ ಸಾಕ್ರಿ, ಏನೂ ಆಗಂಗಿಲ್ಲ” ಅನ್ನುವ ಮಾತಿಗೆ ಬರವಣಿಗೆಯಲ್ಲಿ ಗ್ಯಾರಂಟಿ ಕೇಳಿದರೆ ಮಾತು ಬೇರೆ ಕಡೆ ತಿರುಗುತ್ತದೆ.

ಕೂರಿಸುವ ಕೆಲಸಕ್ಕೂ ಇವರ ಹುಡುಗರನ್ನು ಕರೆಯಬೇಡಿ. ಕಲ್ಲು ತಂದುಕೊಳ್ಳಿ, ಕೂರಿಸಲು ಸುಣ್ಣದ ಗಾರೆ ಬಲ್ಲ ಗೌಂಡಿಯನ್ನು ಬೇರೆ ಹಿಡಿಯಿರಿ. ತಪ್ಪುಗಳು ಎಲ್ಲ ಕಡೆ ಅವೇ. ತುಂಡುಗಳನ್ನು ಜೋಡಿಸಲು ಸಾದಾ ಕಬ್ಬಿಣದ ಸರಳು ತೂರಿಸುತ್ತಾರೆ. ಕಬ್ಬಿಣ ತುಕ್ಕು ಹಿಡಿದರೆ ಹಲವು ಪಟ್ಟು ಉಬ್ಬುತ್ತದೆ, ಕಲ್ಲನ್ನು ಒಳಗಿನಿಂದಲೇ ಸೀಳುತ್ತದೆ. ಇಂಗ್ಲೆಂಡಿನ ಹಳೇ ಗಾಥಿಕ್ ಮನೆಗಳ ರಿಪೇರಿಯಲ್ಲಿ ಇದೊಂದು ತೀರದ ಗೋಳು. 8 ಮಿ.ಮೀ. ಸ್ಟೇನ್‌ಲೆಸ್ ಸರಳನ್ನು ನೀವೇ ಕೊಂಡು ಕೊಡಿ. ಎರಡನೆಯದು, ಸಂದಿಗೆ ಗಟ್ಟಿ ಸಿಮೆಂಟ್. ಬಿಸಿಲಿಗೆ ಕಲ್ಲು ಹಿಗ್ಗಿದಾಗ ಸಿಮೆಂಟ್ ಜಗ್ಗುವುದಿಲ್ಲ, ಬಿರುಕು ಕಲ್ಲಿಗೇ ಹೋಗುತ್ತದೆ. ಒಂದು ಪಾಲು ಅರಳಿಸಿದ ಸುಣ್ಣಕ್ಕೆ ಮೂರು ಪಾಲು ಜರಡಿ ಹಿಡಿದ ಮರಳು, ಸಂದಿ 4ರಿಂದ 5 ಮಿ.ಮೀ. ಸಾಕು. ಸುಣ್ಣ ನಿಧಾನಕ್ಕೆ ಗಟ್ಟಿಯಾಗುವುದರಿಂದ ಏಪ್ರಿಲ್ ಮೇ ಬಿಸಿಲಲ್ಲಿ ಕೂರಿಸಿದರೆ ಒದ್ದೆ ಗೋಣಿತಾಟು ಹೊದಿಸಿ ವಾರವಾದರೂ ಒಣಗದಂತೆ ನೋಡಿಕೊಳ್ಳಬೇಕು. ಇಲ್ಲದಿದ್ದರೆ ಗಾರೆ ಪುಡಿಯಾಗಿ ಉದುರುತ್ತದೆ. ಕಮಾನಿನ ಕೆಳಗಿನ ಸೆಂಟ್ರಿಂಗನ್ನೂ ಒಂದೇ ಏಟಿಗೆ ಹೊಡೆದು ತೆಗೆಯಬಾರದು. ಬೆಣೆಗಳನ್ನು ಎರಡು ಕಡೆಯಿಂದ ಒಂದಿಷ್ಟು ಒಂದಿಷ್ಟು ಸಡಿಲಿಸಿದರೆ ಕಮಾನು ತನ್ನ ಭಾರಕ್ಕೆ ತಾನೇ ಕೂರುತ್ತದೆ.

ಕೊನೆಗೆ ಹುಡುಗರು ಮಾಡುವ ‘ಕ್ಲೀನಿಂಗ್’. ಕಲ್ಲಿನ ಮೇಲೆ ಬಿದ್ದ ಸಿಮೆಂಟ್ ಹನಿ ತೆಗೆಯಲು ಟೈಲ್ಸ್ ತೊಳೆಯುವ ಆಸಿಡ್ ಸುರಿಯುತ್ತಾರೆ. ಸುಣ್ಣಕಲ್ಲಿಗೆ ಆಸಿಡ್ ಬಿದ್ದರೆ ಸೋಡಾ ಹಾಗೆ ಬುಸ್ ಅಂದು ನೊರೆ ಬರುತ್ತದೆ, ಮೇಲ್ಮೈಯ ಹೊಳಪು ಸತ್ತು ಬಿಳಿ ಮಚ್ಚೆ ನಿಲ್ಲುತ್ತದೆ. ಅದನ್ನು ಮತ್ತೆ ಪಾಲಿಶ್ ಹಿಡಿಯದೆ ತೆಗೆಯಲಾಗದು. ನೀರು ಮತ್ತು ನಾರಿನ ಬ್ರಷ್ಷು ಸಾಕು.

ಗಾಜಿನ ಬಗ್ಗೆ ಬಹಳ ಹೇಳುವುದಿಲ್ಲ. ಇವರು ‘ಸ್ಟೇನ್ಡ್ ಗ್ಲಾಸ್’ ಎಂದು ಕೊಡುವುದು ಸಾದಾ ಗಾಜಿಗೆ ಅಂಟಿಸಿದ ಬಣ್ಣದ ಹಾಳೆ. ಪಡುವಣ ಬಿಸಿಲಿಗೆ ಅದು ಬಣ್ಣಗೆಟ್ಟು ಗುಳ್ಳೆ ಏಳುತ್ತದೆ. ಗಾಥಿಕ್ ಮನೆಗಳ ಕಿಟಕಿ ಅಷ್ಟು ದೊಡ್ಡದಾಗಿರುವುದು ಮೋಡದ ನಾಡಿನಲ್ಲಿ ಬೆಳಕಿಗೆ ಬಾಯಿಬಿಡಲು. ಇಲ್ಲಿ ಬೆಳಕಿಗೇನು ಬರ? 42 ಡಿಗ್ರಿಯ ಬಿಸಿಲಲ್ಲಿ ಪಡುವಣ ಗೋಡೆಗೆ ಆರಡಿಯ ಗಾಜಿನ ಕಿಟಕಿ ಇಟ್ಟರೆ ಕೋಣೆ ರೊಟ್ಟಿ ಬೇಯಿಸುವ ಒಲೆ. ದೊಡ್ಡದನ್ನು ಬಡಗಣಕ್ಕೆ ಇಡಿ. ಪಡುವಣಕ್ಕೆ ಅದೇ ಕಮಾನು, ಆದರೆ ಗಾಜಿನ ಬದಲು ಕಲ್ಲಿನ ಜಾಲಿ. ಜಾಲಿ ಕೊರೆಯುವುದರಲ್ಲಿ ಈ ಅಡ್ಡೆಯವರು ನಿಜಕ್ಕೂ ನಿಪುಣರು, ಅದಕ್ಕೆ ಅವರು ಹೇಳುವ ದರವೂ ಹೆಚ್ಚಲ್ಲ.

ಆರ್ಡರ್ ಕೊಡುವಾಗ ದರವನ್ನು ‘ಒಂದು ಕಿಟಕಿಗೆ’ ಎಂದು ಮಾತಾಡಬೇಡಿ. ಕಂಬ, ಕಮಾನು, ಕೆಳಹಾಸು, ಜಾಲಿ ಬೇರೆ ಬೇರೆ ಬರೆಸಿ, ಸಾಗಣೆ ಬೇರೆ ಬರೆಸಿ. ಕೆಳಹಾಸಿನ ಕಲ್ಲು ಹೊರಕ್ಕೆ ಇಳಿಜಾರಾಗಿರಲಿ, ಗೋಡೆಯಿಂದ ಎರಡು ಇಂಚು ಮುಂದೆ ಚಾಚಲಿ, ಚಾಚಿದ ಅಂಚಿನ ಅಡಿಯಲ್ಲಿ ಬೆರಳಗಲದ ತೋಡು ಕೊರೆದಿರಲಿ. ಆ ತೋಡಿಲ್ಲದಿದ್ದರೆ ನೀರು ಕಲ್ಲಿನ ತಳ ನೆಕ್ಕಿಕೊಂಡು ಬಂದು ಗೋಡೆಗೆ ಇಳಿಯುತ್ತದೆ, ಮೊದಲ ಮುಂಗಾರಿಗೇ ಬಣ್ಣ ಉದುರುತ್ತದೆ. ಇದನ್ನು ಇವರು ಬಿಟ್ಟುಬಿಡುವುದೇ ಹೆಚ್ಚು, ಚೀಟಿಯಲ್ಲಿ ಬರೆಸಿ. ತುಂಡುಗಳಿಗೆ ಎಡ 1, ಎಡ 2, ಬಲ 1 ಎಂದು ಹಿಂಬದಿಯಲ್ಲಿ ಬಣ್ಣದಿಂದ ಗುರುತು ಹಾಕಿಕೊಡುತ್ತಾರೆ, ಅದು ಒಳ್ಳೆಯ ಅಭ್ಯಾಸ. ಸೀಮೆಸುಣ್ಣದ ಗುರುತಾದರೆ ಒಪ್ಪಬೇಡಿ, ದಾರಿಯಲ್ಲೇ ಅಳಿಸಿಹೋಗುತ್ತದೆ.

3 ಅಡಿ ಅಗಲ, 6 ಅಡಿ ಎತ್ತರದ ಒಂದು ಕಿಟಕಿ, ಕಲ್ಲಿನ ದಪ್ಪ 6 ಇಂಚಿಗೆ 4 ಇಂಚು ಇದ್ದರೆ, ಎರಡು ಕ್ವಿಂಟಾಲಿಗೆ ಕಡಿಮೆ ತೂಗುವುದಿಲ್ಲ. ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಕಮಾನಿನ ತುಂಡುಗಳನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ, ನಡುನಡುವೆ ಜೋಳದ ಕಣಿಕಿ ತುಂಬಿ ಹಗ್ಗ ಬಿಗಿಯಬೇಕು. ಮಲಗಿಸಿದರೆ ಹೊಲದ ದಾರಿಯ ಮೊದಲ ಹಳ್ಳಕ್ಕೇ ಮೂತಿ ಮುರಿಯುತ್ತದೆ. ಮುರಿದ ತುಂಡಿಗೆ ಬದಲಿ ಕೊಡುತ್ತಾರೆ, ಆದರೆ ಹೊಸ ತುಂಡು ಬೇರೆ ಗಣಿಯ ಕಲ್ಲಾದರೆ ಬಣ್ಣ ಕೂಡುವುದಿಲ್ಲ. ಒಂದೇ ಗಣಿಯ ಕಲ್ಲಿನಲ್ಲಿ ಎರಡು ತುಂಡು ಹೆಚ್ಚಿಗೆ ಕೊರೆಸಿ ಮನೆಯ ಹಿತ್ತಿಲಲ್ಲಿ ಇಟ್ಟುಕೊಳ್ಳಿ.